ಸಂಗೀತ, ನೃತ್ಯ, ಭಾಷಣ ಸ್ಪರ್ಧೆಗೆ ತೀರ್ಪುಗಾರರಾಗಿ ಹೋಗುವವರಿಗೆ

ಸ್ಪರ್ಧೆಗೆ ಜಡ್ಜ್ ಆಗಿ ಬನ್ನಿ ಅಂತ ಕರೆದಿದ್ದಾರೆ, ನೀವೂ ಒಪ್ಪಿಕೊಂಡಿದ್ದೀರಿ. ನಿಮ್ಮ ಕಲೆ ನಿಮಗೆ ಚೆನ್ನಾಗಿ ಗೊತ್ತು, ಅದಕ್ಕೇ ಕರೆದಿರುತ್ತಾರೆ. ಆದರೆ ಚೆನ್ನಾಗಿ ಹಾಡುವುದು ಬೇರೆ, ಒಂದೇ ಬೆಳಿಗ್ಗೆ ಮೂವತ್ತು ಮಕ್ಕಳ ಹಾಡು ಕೇಳಿ ಮೊದಲು ಬಂದವನನ್ನೂ ಕೊನೆಗೆ ಬಂದವಳನ್ನೂ ಒಂದೇ ಅಳತೆಯಲ್ಲಿ ಅಳೆಯುವುದು ಬೇರೆ. ಬಹುಮಾನ ಸಿಗುವುದು ಮೂವರಿಗೆ. ಉಳಿದ ಇಪ್ಪತ್ತೇಳು ಮಕ್ಕಳ ಕೈಗೆ ಸಿಗುವುದು ನೀವು ಬರೆದುಕೊಟ್ಟ ಹಾಳೆ ಮಾತ್ರ. ಅದರಲ್ಲಿ ಏನಿದೆ ಅನ್ನುವುದೇ ನಿಮ್ಮ ನಿಜವಾದ ಕೆಲಸ ಅಂತ ನಾನು ನಂಬಿದ್ದೇನೆ.

ಹೋಗುವ ಮುಂಚೆಯೇ ನಿಯಮಗಳನ್ನು ತರಿಸಿಕೊಂಡು ಓದಿ. ಸಮಯ ಎಷ್ಟು, ಸಮಯ ಮೀರಿದರೆ ಅಂಕ ಕಡಿತವೋ ಇಲ್ಲವೋ, ಕಂಠಪಾಠ ಕಡ್ಡಾಯವೋ, ಎಲ್ಲರಿಗೂ ಒಂದೇ ಹಾಡೋ ಅಥವಾ ಅವರವರ ಆಯ್ಕೆಯೋ, ಅಂಕ ಸಮ ಬಂದರೆ ಏನು ಮಾಡಬೇಕು, ಎಲ್ಲ ಮೊದಲೇ ಗೊತ್ತಿರಲಿ. ಎಲ್ಲರಿಗೂ ಒಂದೇ ಹಾಡು ಅಥವಾ ಪದ್ಯ ಇದ್ದರೆ ಅದರ ಪ್ರತಿ ನಿಮ್ಮ ಮುಂದೆ ಇರಬೇಕು, ನೆನಪಿನ ಮೇಲೆ ಭರವಸೆ ಇಡಬೇಡಿ. ಹೆಸರಿನ ಬದಲು ನಂಬರ್ ಮಾತ್ರ ಕೊಡಿ ಅಂತ ಕೇಳಿ. ನಿಮ್ಮದೇ ಶಿಷ್ಯರೋ ನೆಂಟರ ಮಕ್ಕಳೋ ಇದ್ದರೆ ಆಯೋಜಕರಿಗೆ ತಿಳಿಸಿ, ಆ ವಿಭಾಗಕ್ಕೆ ಬೇರೆಯವರನ್ನು ಕೂರಿಸಲು ಹೇಳಿ. "ನಾನು ಪಕ್ಷಪಾತ ಮಾಡಲ್ಲ" ಅನ್ನುವುದು ನಿಜವೇ ಇರಬಹುದು, ಆದರೆ ಹಾಲ್‌ನಲ್ಲಿ ಕೂತವರಿಗೆ ಅದು ಹೇಗೆ ಗೊತ್ತಾಗಬೇಕು ಹೇಳಿ?

ಇನ್ನು ಅಂಕ. ಮೊದಲು ಬಂದವರಿಗೆ ಎಷ್ಟು ಕೊಡಬೇಕು ಅನ್ನುವುದೇ ದೊಡ್ಡ ಸಮಸ್ಯೆ, ಯಾಕೆಂದರೆ ಆಗ ಹೋಲಿಸಲು ಯಾರೂ ಇರುವುದಿಲ್ಲ. ಎಲ್ಲರೂ ಹುಷಾರಾಗಿ ಕಮ್ಮಿ ಕೊಡುತ್ತಾರೆ, ಮುಂದೆ ಹೋಗ್ತಾ ಹೋಗ್ತಾ ಕೈ ಸಡಿಲವಾಗುತ್ತದೆ. ಬ್ರಸೆಲ್ಸ್‌ನ ಕ್ವೀನ್ ಎಲಿಜಬೆತ್ ಸಂಗೀತ ಸ್ಪರ್ಧೆ ಎಷ್ಟು ದೊಡ್ಡದು ಅಂತ ನಿಮಗೆ ಗೊತ್ತಿರಬಹುದು. ಅಲ್ಲಿ ಯಾರು ಯಾವಾಗ ನುಡಿಸಬೇಕು ಅನ್ನುವುದು ಚೀಟಿ ಎತ್ತಿ ತೀರ್ಮಾನವಾಗುತ್ತದೆ. ಆದರೂ ಫೈನಲ್‌ನ ಮೊದಲ ದಿನ ನುಡಿಸಿದವರಿಗಿಂತ ತಡವಾಗಿ ನುಡಿಸಿದವರಿಗೆ ಒಳ್ಳೆಯ ಸ್ಥಾನ ಸಿಗುವ ಸಾಧ್ಯತೆ ಜಾಸ್ತಿ ಅಂತ 1996ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅಂಥ ತೀರ್ಪುಗಾರರಿಗೇ ಹೀಗಾದರೆ ನಾವು ಎಷ್ಟು ಎಚ್ಚರವಾಗಿರಬೇಕು! ಆದ್ದರಿಂದ ಮೊದಲ ನಾಲ್ಕೈದು ಜನರ ಅಂಕವನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಆಮೇಲೆ ಹಿಂತಿರುಗಿ ನೋಡಿ. ಪ್ರತಿಯೊಬ್ಬರ ಬಗ್ಗೆಯೂ ಒಂದೆರಡು ಖಚಿತ ವಿಷಯ ಬರೆದಿಟ್ಟಿದ್ದರೆ ಮಾತ್ರ ಹಾಗೆ ಹಿಂತಿರುಗಿ ನೋಡುವುದಕ್ಕೆ ಅರ್ಥ ಇರುತ್ತದೆ. ಬರೀ "ಚೆನ್ನಾಗಿದೆ" ಅಂತ ಬರೆದಿದ್ದರೆ ಎರಡು ಗಂಟೆ ಆದ ಮೇಲೆ ಆ ಮಗುವಿನ ಮುಖವೂ ನೆನಪಿಗೆ ಬರುವುದಿಲ್ಲ.

ಸಂಗೀತಕ್ಕೆ ಇನ್ನೊಂದು ಎಚ್ಚರಿಕೆ ಬೇಕು. ಕಣ್ಣು ಕಿವಿಯನ್ನು ಮೀರಿಸಿಬಿಡುತ್ತದೆ. ಚಿಯಾ-ಜಂಗ್ ಸೇ ಅನ್ನುವವರು 2013ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ದೊಡ್ಡ ಸ್ಪರ್ಧೆಗಳಲ್ಲಿ ಗೆದ್ದವರು ಯಾರು ಅಂತ ಜನರಿಗೆ ಬರೀ ಧ್ವನಿ ಕೇಳಿ ಹೇಳುವುದಕ್ಕಿಂತ ಧ್ವನಿಯಿಲ್ಲದ ವಿಡಿಯೋ ನೋಡಿ ಹೇಳುವುದೇ ಸುಲಭವಾಗಿತ್ತು. ವೃತ್ತಿಪರ ಸಂಗೀತಗಾರರಿಗೂ ಹಾಗೆಯೇ ಆಯಿತು, ಧ್ವನಿಯೇ ಮುಖ್ಯ ಅಂತ ಅವರು ಹೇಳಿದ್ದರೂ ಕೂಡ. ಹಾಗಾಗಿ ಹಾಡು ಶುರುವಾದ ಮೇಲೆ ಸ್ವಲ್ಪ ಹೊತ್ತು ವೇದಿಕೆ ನೋಡಬೇಡಿ, ತಲೆ ತಗ್ಗಿಸಿ ಸುಮ್ನೆ ಕೇಳಿ. ಶ್ರುತಿ ನಿಂತಿದೆಯಾ, ಲಯ ಓಡುತ್ತಿದೆಯಾ, ಪದಗಳು ಕೇಳಿಸುತ್ತಿವೆಯಾ, ಉಸಿರು ಎಲ್ಲಿ ತೆಗೆದುಕೊಳ್ಳುತ್ತಿದ್ದಾರೆ, ಇದೆಲ್ಲ ಆಗ ನಿಚ್ಚಳವಾಗಿ ತಿಳಿಯುತ್ತದೆ. ಒಂದು ಕಡೆ ತಪ್ಪಿದರೆ ತಪ್ಪಿನ ಲೆಕ್ಕವನ್ನೇ ಹಿಡಿದು ಕೂರಬೇಡಿ. ತಪ್ಪಿದ ಮೇಲೆ ಮುಂದಿನ ಸಾಲಿಗೆ ಹೇಗೆ ಬಂದರು ಅಂತ ನೋಡಿ, ಕಲಿತಿರುವುದು ಎಷ್ಟು ಗಟ್ಟಿ ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ಕಷ್ಟದ ಹಾಡು ಆರಿಸಿಕೊಂಡಿದ್ದಾರೆ ಅನ್ನುವ ಒಂದೇ ಕಾರಣಕ್ಕೆ ಅಂಕ ಏರಿಸಬೇಡಿ, ನಿಯಮದಲ್ಲಿ ಇದ್ದರೆ ಮಾತು ಬೇರೆ. ಸರಳವಾದದ್ದನ್ನು ತುಂಬಿ ಹಾಡಿದ ಮಗು, ಕಷ್ಟದ್ದನ್ನು ಅರೆಬರೆ ಹಾಡಿದ ಮಗುವಿಗಿಂತ ಮುಂದಿರಬೇಕು.

ನೃತ್ಯಕ್ಕೆ ಕೂರುವ ಜಾಗವೇ ಮುಖ್ಯ. ಹೂದಾನಿಯೋ ಬ್ಯಾನರೋ ಅಡ್ಡ ಬಂದು ಪಾದ ಕಾಣದಿದ್ದರೆ ಟೇಬಲ್ ಸರಿಸಲು ಹೇಳಿ, ಸಂಕೋಚ ಬೇಡ. ಹಾರಿ ಇಳಿಯುವಾಗ ಮಂಡಿ ಬಾಗಿ ಭಾರ ಹಿಡಿಯುತ್ತಿದೆಯೋ ಅಥವಾ ಧಪ್ ಅಂತ ಬೀಳುತ್ತಿದ್ದಾರೋ, ಹೆಜ್ಜೆ ತಾಳದ ಮೇಲೆ ಬೀಳುತ್ತಿದೆಯೋ ಅಥವಾ ತಾಳದ ಹಿಂದೆ ಓಡುತ್ತಿದೆಯೋ ಗಮನಿಸಿ. ಗುಂಪು ನೃತ್ಯದಲ್ಲಿ ಕಣ್ಣು ಮುಂದಿನ ಸಾಲಿನಲ್ಲೇ ಸಿಕ್ಕಿಕೊಳ್ಳುತ್ತದೆ, ಬೇಕೆಂದೇ ಹಿಂದಿನ ಸಾಲು ನೋಡಿ. ಬಟ್ಟೆಗೆ ಅಂಕ ಇಲ್ಲದಿದ್ದರೆ ಬಟ್ಟೆಯ ಬಗ್ಗೆ ಒಂದು ಪದವನ್ನೂ ಬರೆಯಬೇಡಿ. ಹಾಡಿನ ಟ್ರ್ಯಾಕ್ ನಿಂತುಹೋದರೆ ಅದು ಮಗುವಿನ ತಪ್ಪಲ್ಲ, ಮೊದಲಿನಿಂದ ಮಾಡಲು ಬಿಡಿ.

ಭಾಷಣದಲ್ಲಿ ತೀರ್ಪುಗಾರರು ಎಡವುವುದು ವಿಷಯದಲ್ಲಿ. ನಿಮಗೆ ಒಪ್ಪಿಗೆಯಿಲ್ಲದ ಅಭಿಪ್ರಾಯವನ್ನು ಒಬ್ಬಳು ಕಾರಣ ಕೊಟ್ಟು, ಉದಾಹರಣೆ ಕೊಟ್ಟು, ಜೋಡಿಸಿ ಹೇಳಿದರೆ ಅಂಕ ಕೊಡಲೇಬೇಕು. ಒಪ್ಪಿಗೆಯಿರುವ ಮಾತನ್ನು ಇನ್ನೊಬ್ಬ ಘೋಷಣೆ ಕೂಗಿದ ಹಾಗೆ ಹೇಳಿದರೆ ಕೊಡಬಾರದು. ಜೋರು ದನಿಯನ್ನು ಆತ್ಮವಿಶ್ವಾಸ ಅಂದುಕೊಳ್ಳುವುದೂ ಬೇಡ. ವಾಕ್ಯದ ಕೊನೆಯ ಪದ ಹಿಂದಿನ ಕುರ್ಚಿಗೂ ಕೇಳಿಸುತ್ತಿದೆಯಾ? ನಿಲ್ಲಿಸಿದ್ದು ಅರ್ಥಕ್ಕೋ, ಮರೆತಿದ್ದಕ್ಕೋ? ಆಡುಮಾತಿನ ಧಾಟಿ ಊರಿಂದ ಊರಿಗೆ ಬೇರೆ ಇರುತ್ತದೆ, ಅದು ದೋಷ ಅಲ್ಲ. ಉಚ್ಚಾರ ಅಸ್ಪಷ್ಟವಾಗಿ ಪದವೇ ತಿಳಿಯದಿದ್ದರೆ ಮಾತ್ರ ಬರೆಯಿರಿ.

ಈಗ ಹಾಳೆಗೆ ಬರೋಣ. ಪ್ರದರ್ಶನ ನಡೆಯುತ್ತಿರುವಾಗಲೇ ಬರೆಯಿರಿ, ಪ್ರತಿಯೊಬ್ಬರ ನಂತರ ಒಂದೆರಡು ನಿಮಿಷ ಬಿಡುವು ಬೇಕು ಅಂತ ಆಯೋಜಕರಿಗೆ ಮೊದಲೇ ಹೇಳಿಟ್ಟಿರಿ. "ಶ್ರುತಿ ಕಡೆ ಗಮನ ಕೊಡಿ" ಅಂತ ಬರೆದರೆ ಮಗುವಿಗೆ ಏನೂ ಸಿಕ್ಕಿದ ಹಾಗಾಗಲಿಲ್ಲ, ಅದನ್ನು ಅವರ ಗುರುಗಳೂ ದಿನಾ ಹೇಳುತ್ತಿರುತ್ತಾರೆ. ಬದಲಿಗೆ ಹೀಗೆ ಬರೆಯಬಹುದು: "ಎರಡನೇ ಚರಣದ ಕೊನೆಯಲ್ಲಿ ಎಳೆದು ನಿಲ್ಲಿಸಿದ ಸ್ವರ ಸ್ವಲ್ಪ ಕೆಳಗೆ ಜಾರಿತು. ಅದರ ಹಿಂದಿನ ಸಾಲನ್ನು ಉಸಿರು ತೆಗೆದುಕೊಳ್ಳದೆ ಹಾಡಿದ್ದರಿಂದ ಕೊನೆಗೆ ಉಸಿರು ಸಾಲಲಿಲ್ಲ. ಆ ಸಾಲು ಮುಗಿದ ಕೂಡಲೇ ಉಸಿರು ತೆಗೆದುಕೊಂಡು ಹಾಡಿ ನೋಡು." ಎಲ್ಲಿ, ಏನಾಯಿತು, ಯಾಕೆ, ನಾಳೆ ಏನು ಮಾಡಬೇಕು, ಎಲ್ಲ ಅದರಲ್ಲಿ ಬಂತು ಅಲ್ವಾ? ಹೊಗಳುವಾಗಲೂ ಇಷ್ಟೇ ಖಚಿತವಾಗಿರಲಿ. "ಮೂರನೇ ಸಾಲಿಗೆ ದನಿ ತಗ್ಗಿಸಿದೆಯಲ್ಲ, ಅಲ್ಲಿ ಇಡೀ ಹಾಲ್ ಕಿವಿಗೊಟ್ಟಿತು" ಅಂತ ಬರೆದರೆ ಮಗು ಅದನ್ನು ಬೇಕೆಂದೇ ಮತ್ತೆ ಮಾಡಬಲ್ಲದು. ತಿದ್ದಬೇಕಾದದ್ದು ಒಂದು, ಹೆಚ್ಚೆಂದರೆ ಎರಡು ಸಾಕು. ಎಂಟು ವರ್ಷದ ಮಗುವಿಗೆ ಬರೆಯುತ್ತಿದ್ದರೆ ಆ ಮಗುವೇ ಓದಿಕೊಳ್ಳುವಂಥ ಪದಗಳಲ್ಲಿ, ಬಿಡಿಸಿ, ದುಂಡಗೆ ಬರೆಯಿರಿ. ಬರೆದ ಮಾತಿಗೂ ಕೊಟ್ಟ ಅಂಕಕ್ಕೂ ತಾಳೆಯಾಗಬೇಕು: ಹಾಳೆ ತುಂಬ ಹೊಗಳಿ ಅರವತ್ತು ಕೊಟ್ಟರೆ ಮಗು ನಿಮ್ಮ ಯಾವ ಮಾತನ್ನೂ ನಂಬುವುದಿಲ್ಲ.

ಮೂವರು ತೀರ್ಪುಗಾರರಿದ್ದರೆ ಅಂಕ ಒಪ್ಪಿಸುವ ತನಕ ಪರಸ್ಪರ ಮಾತಾಡಬೇಡಿ, ಆದರೆ ಅಂಕದ ವ್ಯಾಪ್ತಿಯನ್ನು ಶುರುವಿಗೇ ಒಪ್ಪಿಕೊಳ್ಳಿ. ಯಾಕೆ ಅಂತ ಹೇಳುತ್ತೇನೆ. ಒಬ್ಬರು ಮೊದಲ ಸ್ಪರ್ಧಿಗೆ 90, ಎರಡನೆಯವರಿಗೆ 70 ಕೊಟ್ಟರು ಅನ್ನಿ. ಇನ್ನೊಬ್ಬರು 78 ಮತ್ತು 82, ಮೂರನೆಯವರು 79 ಮತ್ತು 82 ಕೊಟ್ಟರು. ಮೂವರಲ್ಲಿ ಇಬ್ಬರಿಗೆ ಎರಡನೆಯವರೇ ಮೇಲು. ಕೂಡಿಸಿದರೆ ಮೊದಲನೆಯವರಿಗೆ 247, ಎರಡನೆಯವರಿಗೆ 234. ಕೈ ಬಿಚ್ಚಿ ಅಂಕ ಹರಡಿದವರೊಬ್ಬರೇ ತೀರ್ಪು ಕೊಟ್ಟಂತಾಯಿತು. ಎಲ್ಲರೂ ಒಂದೇ ವ್ಯಾಪ್ತಿಯೊಳಗೆ ಅಂಕ ಕೊಡಿ, ಇಲ್ಲವೇ ಅಂಕದ ಬದಲು ಸ್ಥಾನಗಳನ್ನು ಕೂಡಿಸಿ.

ಕೊನೆಯಲ್ಲಿ ಮೈಕ್ ಕೊಟ್ಟು ಎರಡು ಮಾತಾಡಿ ಅನ್ನುತ್ತಾರೆ. ಯಾವ ಮಗುವಿನ ತಪ್ಪನ್ನೂ ಅಲ್ಲಿ ಎತ್ತಬೇಡಿ, ಅದು ಹಾಳೆಯಲ್ಲಿದೆ. ಎಲ್ಲರಿಗೂ ಉಪಯೋಗವಾಗುವ ಒಂದೆರಡು ವಿಷಯ ಹೇಳಿ ಮುಗಿಸಿ.

ಫಲಿತಾಂಶ ಬಂದ ಮೇಲೆ ತಂದೆತಾಯಿ ಬಂದು "ನಮ್ಮ ಮಗಳಿಗೆ ಯಾಕೆ ಬರಲಿಲ್ಲ?" ಅಂತ ಕೇಳಿದರೆ ಸಿಟ್ಟಾಗಬೇಡಿ. ಅವಳ ಹಾಳೆಯಲ್ಲಿರುವುದನ್ನು ಸಮಾಧಾನವಾಗಿ ವಿವರಿಸಿ, ಬೇರೆ ಮಕ್ಕಳ ಮಾತು ಎತ್ತಬೇಡಿ. ಕೂಡಿಸುವುದರಲ್ಲಿ ತಪ್ಪಾಗಿದ್ದರೆ ಆಯೋಜಕರ ಮೂಲಕ ಅಲ್ಲೇ ತಿದ್ದಿಸಿ. ಲೆಕ್ಕ ಸರಿಯಿದ್ದರೆ, ಯಾರು ಎಷ್ಟೇ ಒತ್ತಾಯ ಮಾಡಿದರೂ ಅಂಕ ಬದಲಿಸಬೇಡಿ.