ಕಲಾವಿದರಿಗೆ ಗ್ರಾಂಟು, ರೆಸಿಡೆನ್ಸಿ, ಪ್ರದರ್ಶನ: ಏನು ರೆಡಿ ಇಟ್ಕೋಬೇಕು, ಎಲ್ಲಿಗೆ ಅರ್ಜಿ ಹಾಕ್ಬೇಕು

ಕೊನೇ ದಿನಾಂಕ ನಾಳೆ ಅಂತ ಆರ್ಟಿಸ್ಟ್ ಗ್ರೂಪಲ್ಲಿ ಯಾರೋ ಪೋಸ್ಟರ್ ಹಾಕ್ತಾರೆ, ತಕ್ಷಣ ಶುರುವಾಗತ್ತೆ ನೋಡಿ ಫಜೀತಿ, ಎರಡು ವರ್ಷದ ಹಿಂದಿನ ಪೇಂಟಿಂಗ್ ಫೋಟೋ ಯಾವ ಫೋನಲ್ಲಿದೆ, ಅದರ ಅಳತೆ ಎಷ್ಟು, ಕೃತಿ ಕೊಂಡ್ಕೊಂಡೋರ ಮನೇಲಿದೆ ಈಗ ಅಳೆಯೋದು ಹೇಗೆ, ಬಯೋಡೇಟಾದಲ್ಲಿ ಇನ್ನೂ ಹಳೇ ಅಡ್ರೆಸ್ಸೇ ಇದೆ. ರಾತ್ರಿ ಹನ್ನೊಂದೂವರೆಗೆ ಅಪ್‌ಲೋಡ್ ಮಾಡೋಕೆ ಹೋದ್ರೆ ಸೈಟೇ ಓಪನ್ ಆಗಲ್ಲ. ಜಿಲ್ಲೆಗಳಲ್ಲಿರೋ ಎಷ್ಟೋ ಒಳ್ಳೇ ಕಲಾವಿದರ ಕೈಗೆ ಗ್ರಾಂಟು, ಅಂದ್ರೆ ಕೆಲಸ ಮಾಡೋಕೆ ಕೊಡೋ ಧನಸಹಾಯ, ಸಿಗದೇ ಹೋಗೋದು ಹೀಗೇ. ಅದಕ್ಕೇ ಎಲ್ಲಿಗೆ ಹಾಕೋದು ಅನ್ನೋದು ಆಮೇಲೆ, ಮೊದಲು ಏನು ರೆಡಿ ಇಟ್ಕೋಬೇಕು ನೋಡೋಣ.

ಮೊದಲು ಫೋಟೋ

ಜ್ಯೂರಿಯಲ್ಲಿ, ಅಂದ್ರೆ ಆಯ್ಕೆ ಸಮಿತಿಯಲ್ಲಿ ಕೂತೋರು ಮೊದಲ ಸುತ್ತಲ್ಲಿ ನಿಮ್ಮ ಕ್ಯಾನ್ವಾಸ್ ನೋಡಲ್ಲ, ಅದರ ಫೋಟೋ ನೋಡ್ತಾರೆ, ಅದೂ ನೂರಾರು ಅರ್ಜಿ ಮಧ್ಯೆ ಸರಸರ ಅಂತ. ಟ್ಯೂಬ್‌ಲೈಟ್ ಪ್ರತಿಬಿಂಬ ಬಿದ್ದಿರೋ, ಅಂಚಲ್ಲಿ ಮಂಚದ ಕಾಲು ಕಾಣ್ತಿರೋ ಫೋಟೋ ಬಂದ್ರೆ ಕೆಲಸ ಎಷ್ಟೇ ಚೆನ್ನಾಗಿದ್ರೂ ಅದನ್ನ ಬಿಟ್ಟು ಮುಂದಿನ ಅರ್ಜಿಗೆ ಹೋಗ್ಬಿಡ್ತಾರೆ. ದೊಡ್ಡ ಕ್ಯಾಮೆರಾ ಬೇಕಿಲ್ಲ, ಈಗಿನ ಫೋನೇ ಸಾಕು, ಮಾಡೋ ಕ್ರಮ ಸರಿ ಇರ್ಬೇಕು ಅಷ್ಟೇ.

ಬೆಳಗ್ಗೆ ಒಂಬತ್ತು ಹತ್ತರ ಹೊತ್ತಿಗೆ ಕೃತಿನ ಹೊರಗಡೆ ನೆರಳಿಗೆ ತನ್ನಿ, ನೇರ ಬಿಸಿಲು ಬೀಳ್ಬಾರ್ದು. ಗಾಜಿನ ಫ್ರೇಮ್ ಇದ್ರೆ ತೆಗೀರಿ. ಗೋಡೆಗೆ ಒರಗಿಸಿಟ್ರೆ ಕ್ಯಾನ್ವಾಸ್ ಸ್ವಲ್ಪ ಹಿಂದಕ್ಕೆ ವಾಲಿರತ್ತೆ, ಫೋನನ್ನೂ ಅಷ್ಟೇ ವಾಲಿಸಿ ಹಿಡೀಬೇಕು, ಇಲ್ಲಾಂದ್ರೆ ಮೇಲಿನ ಅಂಚು ಸಣ್ಣದಾಗಿ ಕೆಳಗಿಂದು ದೊಡ್ಡದಾಗಿ ಬರತ್ತೆ. ಲೆನ್ಸು ಕೃತಿಯ ನಟ್ಟನಡುವಿನ ಎತ್ತರದಲ್ಲಿರ್ಲಿ, ಹತ್ತಿರ ಹೋಗಿ ತೆಗೆಯೋ ಬದ್ಲು ನಾಲ್ಕು ಹೆಜ್ಜೆ ಹಿಂದೆ ಹೋಗಿ 2ಎಕ್ಸ್ ಜೂಮ್ ಹಾಕಿ, ಆಗ ಅಂಚುಗಳು ಹೊಟ್ಟೆ ಉಬ್ಬಿದ ಹಾಗೆ ಬರಲ್ಲ. ಫಿಲ್ಟರ್, ಬ್ಯೂಟಿ ಮೋಡ್ ಎಲ್ಲಾ ಬಂದ್. ಶಿಲ್ಪ ಆದ್ರೆ ಮೂರು ಕಡೆಯಿಂದ ಮೂರು ಫೋಟೋ, ಹಿಂದೆ ಬೂದು ಬಣ್ಣದ ಬಟ್ಟೆ, ಜೊತೆಗೆ ಗಾತ್ರ ಗೊತ್ತಾಗೋ ಹಾಗೆ ಒಬ್ರು ಪಕ್ಕದಲ್ಲಿ ನಿಂತಿರೋ ಇನ್ನೊಂದು.

ಫೈಲ್ ಹೆಸರು ಐಎಂಜಿ 4471 ಅಂತ ಬಿಡ್ಬೇಡಿ. ನಿಮ್ಮ ಹೆಸರು, ಕೃತಿ ಹೆಸರು, ಮಾಧ್ಯಮ, ಅಳತೆ, ವರ್ಷ, ಇಷ್ಟೂ ಅದರಲ್ಲೇ ಇರ್ಲಿ. ಅಳತೆನ ಕೃತಿ ಮುಗಿಸಿದ ದಿನವೇ ಬರೆದಿಡಿ, ಮಾರಾಟ ಆದ್ಮೇಲೆ ಸಿಗಲ್ಲ. ಯಾರಿಗಾದ್ರೂ ವಾಟ್ಸಾಪಲ್ಲಿ ಕಳಿಸೋದಿದ್ರೆ ಡಾಕ್ಯುಮೆಂಟ್ ಆಗಿ ಕಳಿಸಿ, ಫೋಟೋ ಆಗಿ ಕಳಿಸಿದ್ರೆ ಕುಗ್ಗಿಸಿ ಹಾಳು ಮಾಡತ್ತೆ.

ಬರವಣಿಗೆ, ಅಂದ್ರೆ ಎಲ್ರೂ ಹೆದರೋ ಭಾಗ

ಸ್ಟೇಟ್‌ಮೆಂಟ್, ಅಂದ್ರೆ ನಿಮ್ಮ ಕೆಲಸದ ಬಗ್ಗೆ ನೀವೇ ಬರೆಯೋ ಟಿಪ್ಪಣಿ, ಅಂದ ತಕ್ಷಣ ನಮ್ಮೋರಿಗೆ ಭಾಷಣದ ಕನ್ನಡ ಬಂದ್ಬಿಡತ್ತೆ. "ನನ್ನ ಕೃತಿಗಳು ಮಾನವ ಮತ್ತು ಪ್ರಕೃತಿಯ ಅವಿನಾಭಾವ ಸಂಬಂಧವನ್ನು ಅನಾವರಣಗೊಳಿಸುತ್ತವೆ" ಅಂತ ಬರೆದ್ರೆ ಅದು ಯಾರ ಕೃತಿಗೆ ಬೇಕಾದ್ರೂ ಹೊಂದತ್ತೆ, ಅಂದ್ರೆ ನಿಮ್ಮ ಬಗ್ಗೆ ಏನೂ ಹೇಳ್ಲಿಲ್ಲ ಅಂತ ಅರ್ಥ. ಅದರ ಬದ್ಲು "ನಮ್ಮೂರ ಕೆರೆ ಬತ್ತಿದ ಮೇಲೆ ತಳದಲ್ಲಿ ಸಿಗೋ ಮಣ್ಣಿಂದ ಬಣ್ಣ ಮಾಡ್ಕೊಂಡು, ಕೆರೆ ತುಂಬಿದ್ದ ಕಾಲ ನೋಡಿರೋ ಹಿರಿಯರ ಮುಖ ಬರೀತಿದೀನಿ" ಅನ್ನೋ ಥರ ಏನು ಮಾಡ್ತೀರಿ, ಯಾವುದರಿಂದ ಮಾಡ್ತೀರಿ, ಯಾಕೆ ಅಂತ ನೇರ ಹೇಳಿ. 150 ಪದದ್ದೊಂದು, 500 ಪದದ್ದೊಂದು ಬರೆದಿಟ್ಕೊಂಡ್ರೆ ವರ್ಷ ಪೂರ್ತಿ ನಡೆಯತ್ತೆ, ಪ್ರತಿ ಸಲ ಸ್ವಲ್ಪ ತಿದ್ದಿದ್ರಾಯ್ತು.

ಇಂಗ್ಲಿಷ್ ಬರಲ್ಲ ಅನ್ನೋ ಸಂಕೋಚ ಬಹಳ ಜನಕ್ಕಿದೆ. ಬೆಂಗಳೂರಲ್ಲೇ ಇರೋ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್, ಅಂದ್ರೆ ಐಎಫ್‌ಎ, ಕನ್ನಡದಲ್ಲೇ ಪ್ರಸ್ತಾವನೆ ತಗೊಳ್ತಾರೆ. 1993ರಲ್ಲಿ ಶುರುವಾದ ಸಂಸ್ಥೆ, 1995ರಿಂದ ಗ್ರಾಂಟ್ ಕೊಡ್ತಿದಾರೆ, ಸಂಶೋಧನೆಗೆ ಬೇರೆ, ಕಲಾಭ್ಯಾಸಕ್ಕೆ ಬೇರೆ, ಸರ್ಕಾರಿ ಶಾಲೆ ಮೇಷ್ಟ್ರು ಮತ್ತು ಕಲಾವಿದರಿಗೆ 'ಕಲಿ ಕಲಿಸು' ಅಂತ ಬೇರೆ. ನಂಗನ್ಸೋದು, ಮೊದಲ ಗ್ರಾಂಟ್ ಅರ್ಜಿ ಬರೆಯೋರು ಇಲ್ಲಿಂದಲೇ ಶುರು ಮಾಡೋದು ಒಳ್ಳೇದು, ಯಾಕಂದ್ರೆ ತಲೇಲಿರೋದನ್ನ ನಮ್ಮ ಭಾಷೇಲೇ ಇಳಿಸ್ಬೋದು.

ಬಜೆಟ್ ಕೇಳಿದಾಗ ನಮ್ಮ ಕಲಾವಿದರು ಬಣ್ಣ, ಕ್ಯಾನ್ವಾಸ್, ಫ್ರೇಮು, ಬಸ್ ಚಾರ್ಜು ಎಲ್ಲಾ ಬರೆದು ತಮ್ಮ ಸಂಭಾವನೆ ಬರೆಯೋದನ್ನ ಮಾತ್ರ ಬಿಡ್ತಾರೆ. ಬೇಡ ಅಂತ ಎಲ್ಲೂ ಹೇಳಿಲ್ಲದಿದ್ರೆ ಧೈರ್ಯವಾಗಿ ಬರೀರಿ. ಆರು ತಿಂಗಳು ಕೆಲಸ ಮಾಡೋರಿಗೆ ಊಟ ಬಾಡಿಗೆ ಇರಲ್ವಾ, ಅದನ್ನ ಮುಚ್ಚಿಟ್ರೆ ಈ ಮನುಷ್ಯ ಪ್ರಾಜೆಕ್ಟ್ ಮುಗಿಸೋದು ಹೆಂಗೆ ಅಂತ ಓದೋರಿಗೇ ಅನುಮಾನ ಬರತ್ತೆ.

ಇನ್ನು ಎಲ್ಲಿಗೆ ಹಾಕೋದು

ಹತ್ತಿರದ್ದರಿಂದ ಶುರು ಮಾಡಿ. ಬೆಂಗಳೂರಿನ ಜೆ.ಸಿ. ರಸ್ತೆ ಕನ್ನಡ ಭವನದಲ್ಲಿರೋ ಕರ್ನಾಟಕ ಲಲಿತಕಲಾ ಅಕಾಡೆಮಿ 1964ರದ್ದು, ಅವರ ವಾರ್ಷಿಕ ಕಲಾ ಪ್ರದರ್ಶನಕ್ಕೆ ಪೇಪರಲ್ಲಿ ಪ್ರಕಟಣೆ ಬರತ್ತೆ, ಆಯ್ಕೆಯಾದ್ರೆ ಬಯೋಡೇಟಾದಲ್ಲಿ ಅದಕ್ಕೆ ತೂಕ ಇದೆ. ಶಿಲ್ಪದೋರಿಗೆ ಶಿಲ್ಪಕಲಾ ಅಕಾಡೆಮಿ ಬೇರೆನೇ ಇದೆ. ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೇಲಿ ಚಿತ್ರಕಲಾ ಪರಿಷತ್ತು ಮಾಡೋ ಚಿತ್ರಸಂತೆ ಎಲ್ರಿಗೂ ಗೊತ್ತು, ಆದ್ರೆ ಅರ್ಜಿ ಹಿಂದಿನ ವರ್ಷದ ಕೊನೇ ತಿಂಗಳುಗಳಲ್ಲೇ ಹಾಕಿರ್ಬೇಕು, ಜನವರೀಲಿ ಕೇಳಿದ್ರೆ ಏನೂ ಪ್ರಯೋಜನ ಇಲ್ಲ. ಸಂತೇಲಿ ಸಾವಿರಕ್ಕೂ ಹೆಚ್ಚು ಕಲಾವಿದರು ಕೂತಿರ್ತಾರೆ, ಹಂಗಾಗಿ ದೊಡ್ಡ ಕ್ಯಾನ್ವಾಸ್ ಒಂದೆರಡು ಸಾಕು, ಕೈಲಿ ಹಿಡ್ಕೊಂಡು ಹೋಗೋ ಸಣ್ಣ ಕೃತಿ, ಪ್ರಿಂಟು ಜಾಸ್ತಿ ಇರ್ಲಿ, ಫೋನ್ ನಂಬರಿರೋ ಕಾರ್ಡು ಮರೀಬೇಡಿ, ಸಂತೆ ಮುಗಿದು ತಿಂಗಳಾದ್ಮೇಲೆ ಆರ್ಡರ್ ಕೊಡೋಕೆ ಫೋನ್ ಮಾಡೋರೂ ಇರ್ತಾರೆ.

ಸ್ವಂತ ಪ್ರದರ್ಶನಕ್ಕೆ ಬೆಂಗಳೂರಲ್ಲಿ ಪರಿಷತ್ತಿನ ಗ್ಯಾಲರಿಗಳು, ಕಸ್ತೂರಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿ, ಎಂ.ಜಿ. ರಸ್ತೆ ಮೆಟ್ರೋ ಪಕ್ಕದ ರಂಗೋಲಿ ಕಲಾ ಕೇಂದ್ರ, ಎಲ್ಲಾ ಕಡೆ ತಿಂಗಳುಗಟ್ಟಲೆ ಮುಂಚೆ ವಿಚಾರಿಸ್ಬೇಕು, ಮೊದಲು ಸದ್ಯಕ್ಕೆ ಬುಕಿಂಗ್ ಇದೆಯಾ ಅಂತ ಫೋನಲ್ಲೇ ಕೇಳಿ ಆಮೇಲೆ ಹೊರಡಿ.

ಕೇಂದ್ರ ಸರ್ಕಾರದ್ದರಲ್ಲಿ ವಯಸ್ಸು ನೋಡ್ಕೊಳ್ಳಿ. ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ಸ್ಕಾಲರ್‌ಶಿಪ್ 18ರಿಂದ 25 ವರ್ಷದೋರಿಗೆ, ತಿಂಗಳಿಗೆ 5,000 ರೂಪಾಯಿ, ಎರಡು ವರ್ಷ. ಜೂನಿಯರ್ ಫೆಲೋಶಿಪ್ 25ರಿಂದ 40ರವರಿಗೆ ತಿಂಗಳಿಗೆ 10,000, ನಲವತ್ತು ದಾಟಿದ್ರೆ ಸೀನಿಯರ್, ತಿಂಗಳಿಗೆ 20,000, ಇವೂ ಎರಡು ವರ್ಷವೇ. ದುಡ್ಡು ಪ್ರತಿ ತಿಂಗಳು ಅಕೌಂಟಿಗೆ ಬೀಳತ್ತೆ ಅನ್ಕೋಬೇಡಿ, ಆರು ತಿಂಗಳ ಕಂತಲ್ಲಿ ಬರತ್ತೆ, ಮಧ್ಯೆ ವರದಿ ಕೊಡ್ಬೇಕು. ಇದನ್ನ ನಂಬ್ಕೊಂಡು ಇರೋ ಕೆಲಸ ಬಿಡೋದು ಬುದ್ಧಿವಂತಿಕೆ ಅಲ್ಲ. 1954ರಲ್ಲಿ ಶುರುವಾದ ದೆಹಲಿಯ ಲಲಿತ ಕಲಾ ಅಕಾಡೆಮಿಯ ರಾಷ್ಟ್ರೀಯ ಪ್ರದರ್ಶನಕ್ಕೂ ಹಾಕಿ, ಅದರ ಪ್ರಾದೇಶಿಕ ಕೇಂದ್ರಗಳಲ್ಲಿ ನಮಗೆ ಹತ್ತಿರದ್ದು ಚೆನ್ನೈ. ಇನ್ನೊಂದು ಲಾಭ ಬಹಳ ಜನ ಗಮನಿಸಲ್ಲ, ತಂಜಾವೂರು ಮತ್ತು ನಾಗಪುರ ಎರಡೂ ವಲಯ ಸಾಂಸ್ಕೃತಿಕ ಕೇಂದ್ರಗಳಲ್ಲಿ ಕರ್ನಾಟಕ ಸದಸ್ಯ ರಾಜ್ಯ, ಹಾಗಾಗಿ ಎರಡರ ಪ್ರಕಟಣೆನೂ ನೋಡ್ತಿರಿ.

ರೆಸಿಡೆನ್ಸಿ ಅಂದ್ರೆ ಒಂದು ಜಾಗದಲ್ಲಿ ಕೆಲವು ವಾರ ಉಳ್ಕೊಂಡು ಕೆಲಸ ಮಾಡೋದು. ಅರ್ಜಿ ಹಾಕೋ ಮುಂಚೆ ಪ್ರಯಾಣ, ವಸತಿ, ಸ್ಟೈಪೆಂಡ್, ಮೆಟೀರಿಯಲ್ ಈ ನಾಲ್ಕರಲ್ಲಿ ಅವರು ಯಾವುದು ಕೊಡ್ತಾರೆ ಕೇಳ್ಕೊಳ್ಳಿ, ಕೆಲವು ಕಡೆ ನೀವೇ ದುಡ್ಡು ಕಟ್ಬೇಕು, ಅದನ್ನ ಬಾಡಿಗೆ ರೂಮು ಅನ್ನೋದು ವಾಸಿ. ಕಾಲೇಜು ಮುಗಿಸ್ತಿರೋರು, ಆಗಷ್ಟೇ ಮುಗಿಸಿದೋರು ದೆಹಲಿಯ ಖೋಜ್ ಅನ್ನೋ ಕಲಾ ಸಂಸ್ಥೆ ನಡೆಸೋ 'ಪೀರ್ಸ್' ರೆಸಿಡೆನ್ಸಿ ನೋಡಿ. ಬೆಂಗಳೂರಲ್ಲಿ ಶಾಂತಿನಗರದ 1 ಶಾಂತಿರೋಡ್ ಅನ್ನೋ ಸ್ಟುಡಿಯೋ-ಗ್ಯಾಲರಿ ಇದೆ, ಅಲ್ಲಿ ನಡೆಯೋ ಮಾತುಕತೆಗಳಿಗೆ ಸುಮ್ನೆ ಹೋಗಿ ಕೂತ್ರೂ ಯಾರು ಎಲ್ಲಿ ಏನು ಮಾಡ್ತಿದಾರೆ ಗೊತ್ತಾಗತ್ತೆ. ಸ್ವಿಟ್ಜರ್ಲೆಂಡಿಗೆ ಹೋಗೋ ಆಸೆ ಇದ್ರೆ ಅಲ್ಲಿನ ಕಲಾ ಮಂಡಳಿ ಪ್ರೊ ಹೆಲ್ವೇಷಿಯಾದ ದೆಹಲಿ ಕಚೇರಿಯ ಪ್ರಕಟಣೆ ಫಾಲೋ ಮಾಡಿ. ಜರ್ಮನ್ ಸಾಂಸ್ಕೃತಿಕ ಸಂಸ್ಥೆ ಗಯಟೆ ಇನ್‌ಸ್ಟಿಟ್ಯೂಟಿನ 'ಬೆಂಗಳೂರೆಸಿಡೆನ್ಸಿ' ಅಂತ ಹೆಸರು ಕೇಳಿ ಖುಷಿಪಡ್ಬೇಡಿ, ಅದು ಜರ್ಮನಿಯಿಂದ ಇಲ್ಲಿಗೆ ಬರೋರಿಗೆ! ಕೊಚ್ಚಿ ಬಿನಾಲೆ ಅನ್ನೋ ದೊಡ್ಡ ಕಲಾಮೇಳದ ಮುಖ್ಯ ಪ್ರದರ್ಶನಕ್ಕೂ ಅರ್ಜಿ ಹಾಕಿ ಸೇರೋ ಪದ್ಧತಿ ಇಲ್ಲ, ಪ್ರದರ್ಶನ ರೂಪಿಸೋ ಕ್ಯುರೇಟರೇ ಆರಿಸ್ತಾರೆ, ವಿದ್ಯಾರ್ಥಿಗಳಿಗೆ ಮಾತ್ರ ಸ್ಟೂಡೆಂಟ್ಸ್ ಬಿನಾಲೆ ದಾರಿ ಇದೆ.

ವಿದೇಶದ ಗ್ರಾಂಟಲ್ಲಿ ನಮ್ಮೋರಿಗೆ ಹೊಂದೋ ಎರಡು ಹೇಳ್ತೀನಿ. ಕೆನಡಾದ ಎಲಿಜಬೆತ್ ಗ್ರೀನ್‌ಶೀಲ್ಡ್ಸ್ ಫೌಂಡೇಶನ್ ನೈಜ ಶೈಲಿಯ ಚಿತ್ರ, ಶಿಲ್ಪ ಮಾಡೋ ಹೊಸಬರಿಗೆ. ಈಗಿನ ಕಾಲದಲ್ಲೂ ಪೋರ್ಟ್ರೇಟು ಲ್ಯಾಂಡ್‌ಸ್ಕೇಪು ಮಾಡ್ತೀಯಾ ಅಂತ ಬೈಸ್ಕೊಂಡಿರೋರು ಇಲ್ಲಿ ನಿರಾಳವಾಗಿ ಹಾಕ್ಬೋದು. ಅಮೆರಿಕದ ಪೊಲಾಕ್-ಕ್ರಾಸ್ನರ್ ಫೌಂಡೇಶನ್, 1985ರದ್ದು, ಚಿತ್ರ, ಶಿಲ್ಪ, ಪ್ರಿಂಟ್‌ಮೇಕಿಂಗಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ ದುಡ್ಡಿನ ತೊಂದರೆಯಲ್ಲಿರೋರಿಗೆ.

ದುಡ್ಡು ಕಟ್ಟೋ ಮುಂಚೆ

ಇನ್‌ಸ್ಟಾಗ್ರಾಮಲ್ಲಿ ಮೆಸೇಜ್ ಬರತ್ತೆ, ಅಭಿನಂದನೆಗಳು, ನೀವು ಅಂತರರಾಷ್ಟ್ರೀಯ ಪ್ರಶಸ್ತಿಗೆ ಆಯ್ಕೆಯಾಗಿದೀರಿ, ಇಷ್ಟು ಸಾವಿರ ಕಟ್ಟಿದ್ರೆ ಸರ್ಟಿಫಿಕೇಟು, ಮೆಡಲು, ಪುಸ್ತಕದಲ್ಲಿ ಒಂದು ಪುಟ. ನೀವು ಅರ್ಜಿನೇ ಹಾಕಿಲ್ಲ, ಆಯ್ಕೆ ಹೆಂಗಾಯ್ತು? ಇವರ ಹೆಸರು ಎಲ್ಲೂ ಕೆಲಸಕ್ಕೆ ಬರಲ್ಲ, ಗ್ರಾಂಟ್ ಕೊಡೋರು ಬಯೋಡೇಟಾದಲ್ಲಿ ಅಂಥದ್ದು ಹತ್ತು ನೋಡಿದ್ರೆ ಮುಖ ಸಿಂಡರಿಸ್ತಾರೆ. ಹಾಗಂತ ಎಲ್ಲಾ ಎಂಟ್ರಿ ಫೀನೂ ಮೋಸ ಅಲ್ಲ, 1888ರಿಂದ ಇರೋ ಬಾಂಬೆ ಆರ್ಟ್ ಸೊಸೈಟಿಯಂಥ ಹಳೇ ಸಂಘಗಳು ವಾರ್ಷಿಕ ಪ್ರದರ್ಶನಕ್ಕೆ ಶುಲ್ಕ ತಗೊಳ್ತವೆ. ವ್ಯತ್ಯಾಸ ಏನಪ್ಪಾ ಅಂದ್ರೆ ಅಲ್ಲಿ ತಿರಸ್ಕಾರನೂ ಆಗತ್ತೆ. ಜ್ಯೂರಿ ಯಾರು, ಹೋದ ವರ್ಷ ಆಯ್ಕೆಯಾದೋರು ಯಾರು ಕೇಳಿ, ಅವರಲ್ಲೊಬ್ರಿಗೆ ಫೋನ್ ಮಾಡಿ ವಿಚಾರಿಸಿ.

ಆಯ್ಕೆ ಆದ್ಮೇಲೆ

ಗ್ರಾಂಟ್ ಬಂದ ದಿನವೇ ಒಂದು ಪ್ಲಾಸ್ಟಿಕ್ ಫೋಲ್ಡರ್ ತಗೊಂಡು ಪ್ರತಿ ಬಿಲ್ ಅದಕ್ಕೆ ಹಾಕ್ತಾ ಹೋಗಿ, ಕೊನೇ ಕಂತು ಬರೋದು ಸಾಮಾನ್ಯವಾಗಿ ಲೆಕ್ಕ ಒಪ್ಪಿಸಿದ ಮೇಲೇನೇ. ಥರ್ಮಲ್ ಪೇಪರ್ ಬಿಲ್ಲು ಮಾಸಿ ಹೋಗತ್ತೆ, ಅವತ್ತೇ ಫೋಟೋ ಹೊಡ್ಕೊಳ್ಳಿ. ಪ್ರದರ್ಶನಕ್ಕೆ ಕೃತಿ ಕಳಿಸೋವಾಗ ಕ್ಯಾನ್ವಾಸನ್ನ ಬಣ್ಣದ ಮುಖ ಹೊರಗೆ ಬರೋ ಹಾಗೆ ದಪ್ಪ ಪಿವಿಸಿ ಪೈಪಿನ ಮೇಲೆ ಸುತ್ತಿ, ಒಳಮುಖ ಮಾಡಿ ಸುತ್ತಿದ್ರೆ ಬಣ್ಣ ಸುಕ್ಕಾಗತ್ತೆ. ರಾಜ್ಯದೊಳಗೆ ಆದ್ರೆ ಕೆಎಸ್‌ಆರ್‌ಟಿಸಿ ಕಾರ್ಗೋ ಸುಲಭ. ಹಿಂದುಗಡೆ ಹೆಸರು, ಫೋನ್ ನಂಬರ್, ಮೇಲಿನ ಕಡೆ ಯಾವುದು ಅಂತ ಬಾಣದ ಗುರುತು ಹಾಕಿ. ಮತ್ತೆ ಕೃತಿ ವಾಪಸ್ ತಗೊಳ್ಳೋ ದಿನಾಂಕ ಫಾರ್ಮಿನ ಕೊನೇ ಪುಟದಲ್ಲಿ ಸಣ್ಣಕ್ಷರದಲ್ಲಿ ಇರತ್ತೆ, ಅದು ದಾಟಿದ್ರೆ ಕೃತಿ ಹಾಳಾದ್ರೂ ಕಳೆದ್ರೂ ಅವರು ಹೊಣೆ ಅಲ್ಲ ಅಂತ ನೀವೇ ಸಹಿ ಹಾಕಿರ್ತೀರಿ.