ಕಪ್ಪಾಗಿದ್ದ ನಾಣ್ಯವನ್ನು ಉಜ್ಜಿ ಕೆಡಿಸಿದ್ದು ನಾನೇ

ಸಂಗ್ರಹ ಶುರು ಮಾಡಿದ ಹೊಸದರಲ್ಲಿ ನನಗೊಂದು ಹಳೇ ಬೆಳ್ಳಿ ನಾಣ್ಯ ಸಿಕ್ಕಿತ್ತು. ಮೈಯೆಲ್ಲ ಕಪ್ಪು. ಕೊಳೆ ಅಂದುಕೊಂಡು ಟೂತ್‌ಪೇಸ್ಟ್ ಹಚ್ಚಿ, ಬ್ರಷ್ ಹಿಡಿದು ಚೆನ್ನಾಗಿ ಉಜ್ಜಿದೆ. ಫಳಫಳ ಹೊಳೆಯಿತು. ಖುಷಿಯಿಂದ ಹಿರಿಯ ಸಂಗ್ರಾಹಕರೊಬ್ಬರಿಗೆ ತೋರಿಸಿದೆ. ಅವರು ಅದನ್ನು ದೀಪದ ಕೆಳಗೆ ಓರೆಯಾಗಿ ಹಿಡಿದು ನೋಡಿ, ಮಾತಾಡದೆ ನನ್ನ ಕೈಗೆ ಭೂತಗನ್ನಡಿ ಕೊಟ್ಟರು. ಮೈತುಂಬ ಕೂದಲೆಳೆಯಂಥ ಗೀರುಗಳು!

ಆ ಕಪ್ಪು ಕೊಳೆಯೇ ಅಲ್ಲ. ಗಾಳಿಯಲ್ಲಿರುವ ಗಂಧಕದ ಅಂಶ ಬೆಳ್ಳಿಯ ಜೊತೆ ಸೇರಿ ಸಿಲ್ವರ್ ಸಲ್ಫೈಡ್‌ನ ಪದರ ಕಟ್ಟುತ್ತದೆ. ಪದರ ತೀರಾ ತೆಳುವಾಗಿದ್ದಾಗ ಹಳದಿ, ದಪ್ಪಗಾದಂತೆ ನೇರಳೆಗೆಂಪು, ಆಮೇಲೆ ನೀಲಿ, ಕೊನೆಗೆ ಕಪ್ಪು. ನೀರಿನ ಮೇಲೆ ಎಣ್ಣೆ ಹರಡಿದಾಗ ಬಣ್ಣ ಬಣ್ಣ ಕಾಣುತ್ತದಲ್ವಾ, ಅದೇ ಆಟ. ಹಾಗಾಗಿ ಬಣ್ಣ ತುಂಬಿದ ನಾಣ್ಯ ಕೊಳ್ಳುವಾಗ ನಾನು ಈ ಸಾಲನ್ನೇ ಹುಡುಕುತ್ತೇನೆ. ಒಂದು ಬಣ್ಣ ಇನ್ನೊಂದರೊಳಗೆ ಮೆಲ್ಲಗೆ ಕರಗಿರಬೇಕು, ತಿರುಗಿಸಿದರೆ ಕೆಳಗಿನ ಹೊಳಪೂ ಜೊತೆಗೆ ತಿರುಗಬೇಕು. ಹಳದಿಯ ಸುಳಿವೇ ಇಲ್ಲದೆ ಗಾಢ ನೀಲಿ ಮೆತ್ತಿಕೊಂಡಿದ್ದರೆ, ಯಾರೋ ಗಂಧಕ ತಾಗಿಸಿ ಬಿಸಿ ಮಾಡಿರಬಹುದು ಅಂತ ಅನುಮಾನ. ಅಂಥದ್ದಕ್ಕೆ ಜಾಸ್ತಿ ಹಣ ಕೊಡುವುದಿಲ್ಲ.

ತಾಮ್ರದ ಕಂದು ಬಣ್ಣಕ್ಕೆ ಕೈ ಹಚ್ಚುವುದೇ ಬೇಡ. ಆ ಪದರವೇ ಒಳಗಿನ ಲೋಹವನ್ನು ಕಾಯುತ್ತದೆ. ತಲೆನೋವು ಹಸಿರು ಕಿಲುಬಿನದು. ಗಟ್ಟಿಯಾಗಿ, ನುಣ್ಣಗೆ ಅಂಟಿಕೊಂಡ ಹಸಿರಾದರೆ ಬಿಟ್ಟುಬಿಡುತ್ತೇನೆ. ಹಲ್ಲುಕಡ್ಡಿಯ ತುದಿ ತಾಗಿಸಿದರೆ ತಿಳಿಹಸಿರು ಪುಡಿ ಉದುರುತ್ತಾ? ಹಾಗಿದ್ದರೆ ಅದು ಕಂಚಿನ ರೋಗ. ಒಳಗೆ ಸೇರಿದ ಕ್ಲೋರೈಡ್ ತೇವ ಸಿಕ್ಕಾಗೆಲ್ಲ ಲೋಹವನ್ನು ತಿನ್ನುತ್ತಾ ಹೋಗುತ್ತದೆ. ಅಂಥ ನಾಣ್ಯವನ್ನು ಕೂಡಲೇ ಬೇರೆ ಡಬ್ಬಿಗೆ ಹಾಕಿ, ತೇವ ಹೀರುವ ಸಿಲಿಕಾ ಜೆಲ್ ಇಟ್ಟು ಮುಚ್ಚುತ್ತೇನೆ.

ಇನ್ನೊಂದು ಹಸಿರು ನಾನೇ ಬರಿಸಿಕೊಂಡದ್ದು. ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಹಾಳೆಗಳ ಆಲ್ಬಂನಲ್ಲಿ ನಾಣ್ಯ ಜೋಡಿಸಿ ವರ್ಷಗಟ್ಟಲೆ ತೆಗೆದು ನೋಡಿರಲಿಲ್ಲ. ತೆಗೆದಾಗ ಮೇಲೆಲ್ಲ ಹಸಿರು ಅಂಟು, ಆ ಪ್ಲಾಸ್ಟಿಕ್‌ನಿಂದಲೇ ಬಂದದ್ದು. ಶುದ್ಧ ಅಸಿಟೋನ್ ತಂದು, ಗಾಜಿನ ಬಟ್ಟಲಲ್ಲಿ ಹಾಕಿ, ಕಿಟಕಿ ತೆರೆದಿಟ್ಟು, ಬೆಂಕಿ ಹತ್ತಿರ ಇಲ್ಲದ ಕಡೆ ನಾಣ್ಯಗಳನ್ನು ಮುಳುಗಿಸಿದೆ. ಉಜ್ಜಲಿಲ್ಲ. ಎರಡು ಸಲ ಹೊಸ ಅಸಿಟೋನ್‌ಗೆ ಬದಲಾಯಿಸಿದ ಮೇಲೆ ಅಂಟು ಬಿಟ್ಟಿತು. ಎರಡು ನಾಣ್ಯಗಳಲ್ಲಿ ಮಾತ್ರ ಹಸಿರು ಆಗಲೇ ಲೋಹವನ್ನು ಕೊರೆದಿತ್ತು, ಆ ಗುಂಡಿಗಳು ಹಾಗೇ ಉಳಿದವು. ಉಗುರುಬಣ್ಣ ತೆಗೆಯುವ ದ್ರವದಲ್ಲೂ ಅಸಿಟೋನ್ ಇರುತ್ತದೆ ಅಂತ ಅದನ್ನು ಬಳಸಬೇಡಿ, ಅದರಲ್ಲಿ ಸುವಾಸನೆ, ಎಣ್ಣೆ ಎಲ್ಲ ಬೆರೆತಿರುತ್ತವೆ. ರಬ್ಬರ್ ಬ್ಯಾಂಡ್ ಕೂಡ ದೂರ ಇಡಿ. ಅದರಲ್ಲೂ ಗಂಧಕ ಇರುತ್ತದೆ, ಬೆಳ್ಳಿಯ ಮೇಲೆ ಕಪ್ಪು ಪಟ್ಟಿ ಬೀಳುತ್ತದೆ.

ಅಂದು ಉಜ್ಜಿದ ನಾಣ್ಯ ಇನ್ನೂ ನನ್ನ ಹತ್ತಿರ ಇದೆ. ಈಗ ಅಕ್ಷರಗಳ ಸುತ್ತ ತಿಳಿಹಳದಿ ಏರುತ್ತಿದೆ. ಅದರ ಕೆಳಗೆ ಗೀರುಗಳು ಹಾಗೇ ಕಾಣುತ್ತವೆ.