ಎಣ್ಣೆಗಪ್ಪು ಮುಖಕ್ಕೆ ಬೇರೆ ಬಣ್ಣ ಬೇಡ: ಜಾಹೀರಾತಿನ ಅಳತೆಗೋಲನ್ನು ಕೈಬಿಡುವ ಬಗೆ

ಫೇರ್ ಅಂಡ್ ಲವ್ಲಿ ಮಾರುಕಟ್ಟೆಗೆ ಬಂದದ್ದು 1975ರಲ್ಲಿ, ಗ್ಲೋ ಅಂಡ್ ಲವ್ಲಿ ಎಂದು ಹೆಸರು ಬದಲಿಸಿಕೊಂಡದ್ದು 2020ರಲ್ಲಿ. ಕಪ್ಪು ಹುಡುಗಿಯರನ್ನು ಸೋತವರಂತೆ, ಬೇಸರದಲ್ಲಿರುವವರಂತೆ ಜಾಹೀರಾತಿನಲ್ಲಿ ತೋರಿಸಬಾರದು ಎಂದು ಜಾಹೀರಾತು ಗುಣಮಟ್ಟ ಮಂಡಳಿ 2014ರಲ್ಲೇ ಹೇಳಿದೆ. ಆದರೆ ಅಷ್ಟು ವರ್ಷ ಕಣ್ಣಿಗೆ ಬಿದ್ದದ್ದು ಒಂದು ನಿಯಮದಿಂದ ಅಳಿಸಿಹೋಗುವುದಿಲ್ಲ. 'ನನ್ನನ್ನು ನಾನು ಒಪ್ಪಿಕೊಳ್ಳುತ್ತೇನೆ' ಎಂದು ಮನಸ್ಸಿಗೆ ಹೇಳಿಕೊಂಡರೂ ಸಾಲದು. ಫೋನು, ಕ್ರೀಮಿನ ಟ್ಯೂಬು, ಮನೆಯವರ ಮಾತು ದಿನಾ ಬೇರೆಯದನ್ನೇ ಹೇಳುತ್ತಿರುತ್ತವೆ. ಹಾಗಾಗಿ ಕೆಲಸ ಅಲ್ಲಿಂದಲೇ ಶುರುವಾಗಬೇಕು.

ಮೊದಲು ಫೋನು

ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ 'ಬ್ಯೂಟಿ' ಎಂಬುದನ್ನು ಸೊನ್ನೆಗೆ ಇಳಿಸಿ. ಕೆಲವು ಫೋನುಗಳು ಆಮೇಲೂ ಮುಖವನ್ನು ನಯ ಮಾಡುತ್ತಲೇ ಇರುತ್ತವೆ. ಪರೀಕ್ಷಿಸುವುದು ಸುಲಭ: ಕಿಟಕಿ ಬೆಳಕಿನಲ್ಲಿ ಒಂದೇ ಕೆನ್ನೆಯನ್ನು ಮುಂದಿನ ಕ್ಯಾಮೆರಾದಲ್ಲೊಮ್ಮೆ, ಹಿಂದಿನದರಲ್ಲೊಮ್ಮೆ ತೆಗೆದು ದೊಡ್ಡದು ಮಾಡಿ ನೋಡಿ. ಚರ್ಮದ ಸಣ್ಣ ರಂಧ್ರಗಳು ಒಂದರಲ್ಲಿ ಕಂಡು ಇನ್ನೊಂದರಲ್ಲಿ ಮಾಯವಾಗಿದ್ದರೆ, ಫೋನು ತಿದ್ದುತ್ತಿದೆ ಎಂದೇ ಅರ್ಥ.

ಮೂಗು ದಪ್ಪ ಎಂದು ಸೆಲ್ಫಿ ನೋಡಿ ನೊಂದುಕೊಳ್ಳುವವರು ಬಹಳ. 30 ಸೆಂಟಿಮೀಟರ್ ದೂರದಿಂದ ತೆಗೆದ ಫೋಟೋದಲ್ಲಿ ಮೂಗು, ಒಂದೂವರೆ ಮೀಟರ್ ದೂರದಿಂದ ತೆಗೆದದ್ದಕ್ಕಿಂತ ಸುಮಾರು ಶೇ 30ರಷ್ಟು ಅಗಲ ಕಾಣುತ್ತದೆ. ಕ್ಯಾಮೆರಾಕ್ಕೆ ಹತ್ತಿರವಿದ್ದದ್ದು ದೊಡ್ಡದಾಗಿ ಕಾಣುತ್ತದೆ, ಅಷ್ಟೇ. ಎದುರಿಗೆ ಕೂತವರು ನಿಮ್ಮನ್ನು ನೋಡುವುದು ಆ ಎರಡನೆಯ ದೂರದಿಂದ.

ರೀಲ್ಸ್‌ನಲ್ಲಿ 'ಮೂರು ದಿನದಲ್ಲಿ ಬಿಳುಪು' ಬಂದರೆ ಸಿಟ್ಟಿನಿಂದಲೂ ಪೂರ್ತಿ ನೋಡಬೇಡಿ. ಸಿಟ್ಟೋ ಆಸೆಯೋ ಆಪ್‌ಗೆ ಗೊತ್ತಾಗುವುದಿಲ್ಲ, ನೀವು ಎಷ್ಟು ಹೊತ್ತು ನಿಂತಿರಿ ಎನ್ನುವುದನ್ನು ಅದು ಲೆಕ್ಕ ಇಡುತ್ತದೆ. ಮೂರು ಚುಕ್ಕೆ ಒತ್ತಿ 'ನಾಟ್ ಇಂಟರೆಸ್ಟೆಡ್' ಕೊಟ್ಟು ಮುಂದೆ ಹೋಗಿ. ಹುಡುಕಾಟದ ಹಳೆಯ ದಾಖಲೆಯನ್ನೂ ಅಳಿಸಿ.

ಟ್ಯೂಬಿನ ಹಿಂಬದಿ ಓದಿ

ಇಲ್ಲಿ ಆತುರ ಪಟ್ಟರೆ ಅಪಾಯ. ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೋಬೆಟಾಸಾಲ್: ಈ ಹೆಸರುಗಳಲ್ಲಿ ಒಂದಿದ್ದರೂ ಅದು ಸ್ಟೀರಾಯ್ಡ್ ಔಷಧಿ, ಸೌಂದರ್ಯದ ಕ್ರೀಮ್ ಅಲ್ಲ. ಜೊತೆಗೆ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಕೂಡ ಇದ್ದರೆ ಅದು ಭಂಗು ಮುಂತಾದ ಕಲೆಗಳಿಗೆ ವೈದ್ಯರು ಸ್ವಲ್ಪ ಕಾಲಕ್ಕೆ ಮಾತ್ರ ಬರೆದುಕೊಡುವ ಮಿಶ್ರಣ. ಇಂಥ ಹಲವು ಮುಲಾಮುಗಳನ್ನು ಚೀಟಿ ಇಲ್ಲದೆ ಮಾರುವಂತಿಲ್ಲ ಎಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಮಾಡಿದೆ. ಹಾಗಿದ್ದರೂ ಅಕ್ಕಪಕ್ಕದವರು ಹೇಳಿದರೆಂದು ತಿಂಗಳುಗಟ್ಟಲೆ ಹಚ್ಚುವವರಿದ್ದಾರೆ. ಮೊದಲ ವಾರಗಳಲ್ಲಿ ಮುಖ ತಿಳಿಯಾಗುತ್ತದೆ, ಆಮೇಲೆ ಚರ್ಮ ತೆಳ್ಳಗಾಗಿ ಕೆಂಪು ರಕ್ತನಾಳಗಳು ಕಾಣುತ್ತವೆ, ಮೊಡವೆ ಏಳುತ್ತದೆ, ಕೆನ್ನೆಯಲ್ಲಿ ಕೂದಲು ಬರುತ್ತದೆ. ಬಿಟ್ಟ ಕೂಡಲೇ ಉರಿ, ಊತ ಬರುವುದರಿಂದ ಹೆದರಿ ಮತ್ತೆ ಅದನ್ನೇ ಹಚ್ಚುತ್ತಾರೆ. ಬಹಳ ದಿನ ಹಚ್ಚಿದ್ದರೆ ಟ್ಯೂಬು ಹಿಡಿದುಕೊಂಡೇ ಚರ್ಮದ ವೈದ್ಯರ ಬಳಿ ಹೋಗಿ, ಎಷ್ಟು ತಿಂಗಳಾಯಿತು ಎಂದು ಮುಚ್ಚಿಡದೆ ಹೇಳಿ. ಬಿಡಿಸುವ ಕ್ರಮ ಅವರಿಗೆ ಗೊತ್ತು.

ತಯಾರಕರ ಹೆಸರು, ಪದಾರ್ಥಗಳ ಪಟ್ಟಿ ಏನೂ ಇಲ್ಲದ ಡಬ್ಬಿಯಾದರೆ ಇವತ್ತೇ ನಿಲ್ಲಿಸಿ, ಆದರೆ ವೈದ್ಯರಿಗೆ ತೋರಿಸಲು ಡಬ್ಬಿ ಇಟ್ಟುಕೊಳ್ಳಿ. ಅಂಥವುಗಳಲ್ಲಿ ಪಾದರಸ ಸಿಕ್ಕಿದ್ದುಂಟು, ಕೇರಳದ ಮಲಪ್ಪುರಂನಲ್ಲಿ ಹಚ್ಚಿಕೊಂಡವರ ಮೂತ್ರಪಿಂಡಕ್ಕೇ ಪೆಟ್ಟು ಬಿದ್ದದ್ದುಂಟು.

ಮದುವೆ ಮೇಕಪ್ಪು, ಸ್ಟುಡಿಯೋ ಫೋಟೋ

ಕಪ್ಪು ಮುಖದ ಮೇಲೆ ಬೂದಿ ಬಳಿದಂತೆ ಕಾಣುವುದೇಕೆ? ಫೌಂಡೇಶನ್ ಚರ್ಮಕ್ಕಿಂತ ಎರಡು ಮೆಟ್ಟಿಲು ತಿಳಿಯಾಗಿರುತ್ತದೆ, ಅದರಲ್ಲಿನ ಬಿಳಿ ಪುಡಿ ಫ್ಲಾಶ್ ಬಿದ್ದಾಗ ಇನ್ನಷ್ಟು ಹೊಳೆಯುತ್ತದೆ. ಕುತ್ತಿಗೆ ಒಂದು ಬಣ್ಣ, ಮುಖ ಇನ್ನೊಂದು. ಮೂರು ಶೇಡ್‌ಗಳನ್ನು ದವಡೆಯ ಅಂಚಿನಲ್ಲಿ ಪಟ್ಟಿಪಟ್ಟಿಯಾಗಿ ಹಚ್ಚಿ ಹತ್ತು ನಿಮಿಷ ಬಿಡಿ. ಹಚ್ಚಿದ ಮೇಲೆ ಬಣ್ಣ ತುಸು ಬದಲಾಗುತ್ತದೆ. ಆಮೇಲೆ ಬಾಗಿಲಾಚೆ ಹೋಗಿ ಹಗಲ ಬೆಳಕಿನಲ್ಲಿ ನೋಡಿ. ಯಾವ ಪಟ್ಟಿ ಕಾಣದೆ ಹೋಗುತ್ತದೋ ಅದೇ ನಿಮ್ಮದು. ಇದನ್ನು ಟ್ರಯಲ್ ದಿನವೇ ಮಾಡಿಸಿ. ಮುಹೂರ್ತದ ಬೆಳಿಗ್ಗೆ ಹೇಳಿದರೆ ಮೇಕಪ್ ಮಾಡುವವರ ಪೆಟ್ಟಿಗೆಯಲ್ಲಿ ನಿಮ್ಮ ಶೇಡ್ ಇಲ್ಲದೆಯೇ ಹೋಗಬಹುದು.

ಸಂಬಂಧಕ್ಕೆ ಕಳಿಸುವ ಫೋಟೋ ತೆಗೆಸುವಾಗ 'ಬಣ್ಣ ತಿಳಿ ಮಾಡಬೇಡಿ' ಎಂದು ತೆಗೆಯುವ ಮೊದಲೇ ಸ್ಟುಡಿಯೋದವರಿಗೆ ಹೇಳಿ. ಹೇಳದಿದ್ದರೆ ಮಾಡಿಯೇ ಕೊಡುತ್ತಾರೆ. ಬಯೋಡೇಟಾದಲ್ಲಿ 'ಗೋಧಿ ಬಣ್ಣ' ಎಂದು ಬರೆಯುವ ಸಾಲನ್ನೇ ತೆಗೆದುಹಾಕಿ. 2020ರಲ್ಲಿ ಶಾದಿ ಡಾಟ್ ಕಾಮ್ ಕೂಡ ಮೈಬಣ್ಣದ ಆಯ್ಕೆಯನ್ನು ತೆಗೆದಿದೆ.

ಮನೆಯ ಮಾತು

'ಕಪ್ಪಾದ್ರೂ ಲಕ್ಷಣವಾಗಿದ್ದಾಳೆ.' ಹೊಗಳಿಕೆ ಎಂದುಕೊಂಡೇ ಹೇಳುವ ಈ ಮಾತಿನಲ್ಲಿ ಚುಚ್ಚುವುದು ಆ 'ಆದ್ರೂ'. ಮಕ್ಕಳಿಗೆ ಅದು ಬಹಳ ಬೇಗ ಅರ್ಥವಾಗುತ್ತದೆ. ಅದನ್ನು ಕಿತ್ತು 'ಲಕ್ಷಣವಾಗಿದ್ದಾಳೆ' ಎಂದಷ್ಟೇ ಹೇಳುವುದನ್ನು ರೂಢಿ ಮಾಡಿಕೊಳ್ಳಿ. ಸೋದರತ್ತೆ 'ಏನೇ, ಇಷ್ಟು ಕಪ್ಪಗಾಗಿದ್ದೀಯ' ಎಂದರೆ ಬಿಸಿಲಿನ ಸಬೂಬು ಕೊಡಬೇಡಿ. ಸಬೂಬು ಕೊಟ್ಟರೆ ಕಡಲೆಹಿಟ್ಟಿನ ಉಪಾಯ ಬರುತ್ತದೆ. 'ನನ್ನ ಬಣ್ಣವೇ ಇದು ಅತ್ತೆ. ಕಾಫಿ ತರಲಾ?' ಎಂದರೆ ಮಾತು ಅಲ್ಲಿಗೆ ನಿಲ್ಲುತ್ತದೆ, ಗೌರವವೂ ಉಳಿಯುತ್ತದೆ.

ಕನ್ನಡಿ

ಹಗಲ ಬೆಳಕು, ಒಂದು ತೋಳಿನಷ್ಟು ದೂರ, ಎರಡು ನಿಮಿಷ. ಹಿಗ್ಗಿಸಿ ತೋರಿಸುವ ಕನ್ನಡಿ ಬೇಡ. 'ನಾನು ಸುಂದರಿ' ಎಂದು ಬಲವಂತವಾಗಿ ಹೇಳಿಕೊಳ್ಳಬೇಡಿ. ನಂಬಿಕೆ ಇಲ್ಲದ ಮಾತು ಒಳಗೆ ವಾದ ಎಬ್ಬಿಸುತ್ತದೆ. ಕಂಡದ್ದನ್ನಷ್ಟೇ ಹೇಳಿ: ಹಣೆ ಹುಣಸೆಬೀಜದ ಬಣ್ಣ, ಕೆನ್ನೆ ಅದಕ್ಕಿಂತ ತುಸು ತಿಳಿ, ಹುಬ್ಬಿನ ಪಕ್ಕ ಒಂದು ಮಚ್ಚೆ. ಹಣೆಯಿಂದ ಕಾಲಿನವರೆಗೆ ಇಡೀ ನೋಡಿ, ಬೇಸರ ತರುವ ಜಾಗದಲ್ಲಿ ಮಾತ್ರ ನಿಲ್ಲಬೇಡಿ. ಮೊದಲ ದಿನಗಳಲ್ಲಿ ಅಳು ಬಂದರೂ ಬರಬಹುದು. ದಿನ ಕಳೆದಂತೆ ಕಡಿಮೆಯಾಗದೆ ಹೆಚ್ಚುತ್ತಾ ಹೋದರೆ ಈ ಅಭ್ಯಾಸ ನಿಲ್ಲಿಸಿ.

ರೂಪದ ಚಿಂತೆಯಲ್ಲೇ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೋಗುತ್ತಿದ್ದರೆ, ಕಾಲೇಜು, ಮದುವೆಮನೆ ತಪ್ಪಿಸುತ್ತಿದ್ದರೆ, ಊಟ ಬಿಡುತ್ತಿದ್ದರೆ ಅದಕ್ಕೆ ಚಿಕಿತ್ಸೆಯಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.